ಚಪಾತಿ ಬಿಟ್ಟಮೇಲೆ ಪರೀಕ್ಷೆಗೆ ಬರಬೇಡಿ

ಗೋಧಿಯ ಪ್ರಶ್ನೆ ಮತ್ತೆ ಬಂದಿದೆ. ಹಿಂದೆಯೂ ಬರೆದಿದ್ದೆ, ಯಾರೂ ಓದಿದಂತಿಲ್ಲ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ಮಗಳಿಗೆ 19 ವರ್ಷ. ಒಂದೂವರೆ ವರ್ಷದಿಂದ ಕಬ್ಬಿಣದ ಮಾತ್ರೆ ಕೊಡುತ್ತಿದ್ದರೂ ಹಿಮೋಗ್ಲೋಬಿನ್ 8 ದಾಟುತ್ತಿಲ್ಲ. ಹೊಟ್ಟೆಯುಬ್ಬರ, ಆಗಾಗ ಭೇದಿ. 'ಗೋಧಿ ಅಲರ್ಜಿ' ಎಂದು ಯಾರೋ ಹೇಳಿದ್ದಕ್ಕೆ ಎರಡು ತಿಂಗಳಿಂದ ಚಪಾತಿ ನಿಲ್ಲಿಸಿದ್ದೇವೆ. ಸ್ವಲ್ಪ ಪರವಾಗಿಲ್ಲ. ಈಗ ಪರೀಕ್ಷೆ ಮಾಡಿಸಬೇಕೆ?

ಉತ್ತರ: ಮಾಡಿಸಬೇಕಿತ್ತು, ಚಪಾತಿ ನಿಲ್ಲಿಸುವ ಮೊದಲು!

ನಿಮಗಿರುವ ಅನುಮಾನ ಸೀಲಿಯಾಕ್ ಕಾಯಿಲೆಯದು. ಅದು ಅಲರ್ಜಿಯಲ್ಲ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಕರುಳಿನ ಒಳಮೈ ಹೊಸ ಟವೆಲಿನಂತೆ ಎಳೆಎಳೆಯಾಗಿರಬೇಕು. ಇವರಲ್ಲಿ ಅದು ಸವೆದ ಒರೆಸುಬಟ್ಟೆ. ಕಬ್ಬಿಣ ಹೀರಿಕೊಳ್ಳುವುದು ಹೆಚ್ಚಾಗಿ ಸಣ್ಣ ಕರುಳಿನ ಮೊದಲ ಒಂದು ಗೇಣಿನಲ್ಲಿ, ಏಟು ಜೋರಾಗಿ ಬೀಳುವುದೂ ಅಲ್ಲೇ. ಮಾತ್ರೆಯ ಕಂಪನಿ ಬದಲಿಸಿದರೂ ಏನು ಬಂತು? ಭೇದಿಯೇ ಇಲ್ಲದೆ, ಬರೀ ರಕ್ತಹೀನತೆಯಿಂದಲೋ ಟೊಳ್ಳಾದ ಮೂಳೆಯಿಂದಲೋ ಸಿಕ್ಕಿಬೀಳುವವರೂ ಇದ್ದಾರೆ.

ಮೊದಲು ಈ ಕಾಯಿಲೆಯಲ್ಲಿ ಏಳುವ ಪ್ರತಿಕಾಯ ಹುಡುಕುವ ಟಿಟಿಜಿ-ಐಜಿಎ ರಕ್ತಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುವುದು. ಎರಡೂ ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ಬಿಟ್ಟರೆ ಕರುಳಿನ ಗಾಯ ಮಾಯತೊಡಗಿ ವರದಿ 'ನಾರ್ಮಲ್' ಬರಬಹುದು. ನಿಮ್ಮ ಮಗಳು ವೈದ್ಯರ ಕಣ್ಣೆದುರಿಗೆ ಕೆಲವು ವಾರ ಮತ್ತೆ ಚಪಾತಿ ತಿನ್ನಬೇಕಾದೀತು. ಅಷ್ಟರಲ್ಲಿ ರಕ್ತ ತೀರ ಇಳಿದರೆ ಕಬ್ಬಿಣವನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ. 'ಸ್ವಲ್ಪ ಪರವಾಗಿಲ್ಲ' ಎಂಬುದು ಸಾಕ್ಷಿಯಲ್ಲ. ಸೀಲಿಯಾಕ್ ಇಲ್ಲದ ಎಷ್ಟೋ ಜನರಿಗೂ ಗೋಧಿ ಬಿಟ್ಟರೆ ಹೊಟ್ಟೆ ಹಗುರಾಗುತ್ತದೆ. ಖಚಿತವಾದರೆ ಪಥ್ಯ ಜೀವಮಾನವಿಡೀ. ಬರೀ ಅಂದಾಜಿನ ಮೇಲೆ ಅದನ್ನು ನಾನು ಯಾರಿಗೂ ಬರೆದುಕೊಡುವುದಿಲ್ಲ.

ಅಕ್ಕಿ, ರಾಗಿ, ಜೋಳ, ಸಜ್ಜೆ ಇರುವ ಮನೆಗೆ ದುಬಾರಿ ಗ್ಲುಟೆನ್‌ರಹಿತ ಬಿಸ್ಕತ್ತು ಬೇಕಿಲ್ಲ. ಜನ ಎಡವುವುದು ಬೇರೆ ಕಡೆ. ಹಿಟ್ಟಿನ ಗಿರಣಿಯಲ್ಲಿ ನಿಮ್ಮ ರಾಗಿಗೆ ಮುಂಚೆ ಯಾರೋ ಗೋಧಿ ಬೀಸಿಸಿರುತ್ತಾರೆ. ಪಥ್ಯ ಚಾಚೂ ತಪ್ಪಿಲ್ಲ ಎಂದು ವಾದಿಸಿದ ಗೃಹಿಣಿಯೊಬ್ಬರಿಂದ ಇಂಗಿನ ಡಬ್ಬಿ ತರಿಸಿ, ಹಿಂಬದಿಯ ಸಣ್ಣಕ್ಷರ ಅವರ ಬಾಯಿಂದಲೇ ಓದಿಸಿದೆ: ಗೋಧಿ ಹಿಟ್ಟು. ದಿನಾ ಸಾರಿನ ಒಗ್ಗರಣೆಗೆ ಬೀಳುತ್ತಿದ್ದದ್ದು ಅದೇ.

ಪ್ರಶ್ನೆ: ಇದೆಲ್ಲ ಹೈಬ್ರಿಡ್ ಗೋಧಿಯಿಂದ ಬಂದದ್ದಂತೆ. ಖಪ್ಲಿ ತಿನ್ನಬಹುದೆ?

ಉತ್ತರ: ಖಪ್ಲಿ ಹಳೆಯ ತಳಿಯಾದರೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ ಈ ಕಾಯಿಲೆಗೆ ಗೋಧಿಯತ್ತ ಬೊಟ್ಟು ಮಾಡಿದ್ದು, ಹೊಸ ತಳಿಗಳನ್ನು ತಂದ ಹಸಿರು ಕ್ರಾಂತಿಗಿಂತ ಎಷ್ಟೋ ಮೊದಲು.

ಪ್ರಶ್ನೆ: ಬಟ್ಟಿ ಜಾರಿದೆ ಎಂದು ಹೊಟ್ಟೆ ತಿಕ್ಕಿಸಿಕೊಂಡೆ, ನೋವು ಹೆಚ್ಚಾಗಿದೆ.

ಉತ್ತರ: ಜಾರಲು ಅಲ್ಲಿ ಬಟ್ಟಿ ಎಂಬುದೇ ಇಲ್ಲ. ತಿಕ್ಕಿಸುವುದು ನಿಲ್ಲಿಸಿ, ಇವತ್ತೇ ವೈದ್ಯರಿಗೆ ತೋರಿಸಿ.

ಪ್ರಶ್ನೆ: ತಿಂಗಳಿಂದ ಸಂಜೆ ಜ್ವರ, ಊಟವಾದಮೇಲೆ ಬಲಗಡೆ ಕೆಳಹೊಟ್ಟೆ ನೋವು, ತೂಕ 7 ಕೆಜಿ ಇಳಿದಿದೆ. ಕರುಳು ಶುದ್ಧಿ ಮಾಡಿಸಲೆ?

ಉತ್ತರ: ಬೇಡವೇ ಬೇಡ. ನಿಮಗೆ ನೋಯುವಲ್ಲಿರುವುದು ಸಣ್ಣ ಕರುಳಿನ ಕೊನೆಯ ತುದಿ, ಅದು ಕ್ಷಯಕ್ಕೆ ಇಷ್ಟದ ಜಾಗ. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಬಂದು ಕೂರುವುದೂ ಅಲ್ಲೇ, ಅದರ ಔಷಧಿಯನ್ನು ಕ್ಷಯಕ್ಕೆ ಕೊಟ್ಟರೆ ಕ್ಷಯ ಕೆರಳುತ್ತದೆ. ಪತ್ರ ಬರೆಯುತ್ತ ಕೂರಬೇಡಿ, ಈ ವಾರವೇ ಹೊಟ್ಟೆಯ ತಜ್ಞರಲ್ಲಿಗೆ ಹೋಗಿ, ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿ ಬೇಕೇ ಎಂದು ಕೇಳಿ.