ಓದುಗರ ಪ್ರಶ್ನೆ, ನಮ್ಮ ಉತ್ತರ: ಹರೆಯಕ್ಕೆ ಸಿಗ್ನಲ್ ಕೊಡುವವರು ಯಾರು?

ಪ್ರಶ್ನೆ: ಮಗಳಿಗೆ ಏಳು ವರ್ಷ ನಾಲ್ಕು ತಿಂಗಳು. ಎಡಗಡೆ ಎದೆಯಲ್ಲಿ ಸಣ್ಣ ಗಂಟು, ಮುಟ್ಟಿದರೆ ನೋವು ಅನ್ನುತ್ತಾಳೆ. ಕೋಳಿ, ಮೊಟ್ಟೆ ತಿನ್ನಿಸಿದ್ದಕ್ಕೇ ಹೀಗಾಯಿತು ಎಂದು ಅತ್ತೆಯವರು ಹೇಳುತ್ತಾರೆ. ಡಾಕ್ಟರು ಮಣಿಕಟ್ಟಿನ ಎಕ್ಸ್‌ರೇ ಬರೆದಿದ್ದಾರೆ. ಎದೆಗೂ ಕೈಗೂ ಏನು ಸಂಬಂಧ?
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಗಂಟು ಕಂಡದ್ದು ಎದೆಯಲ್ಲಿ. ಅದಕ್ಕೆ ಅಪ್ಪಣೆ ಮೆದುಳಿನಿಂದ ಬಂದಿದೆಯೇ ಎಂಬುದನ್ನು ಡಾಕ್ಟರು ಪತ್ತೆ ಮಾಡಬೇಕಾಗಿದೆ. ಮೆದುಳಿನ ಬುಡದ ಹೈಪೊಥಲಾಮಸ್‌ನಲ್ಲಿ ಸಾವಿರ, ಎರಡು ಸಾವಿರ ನರಕೋಶಗಳಷ್ಟೇ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಡುತ್ತವೆ. ಅದು ತಲುಪಿದರೆ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಅಂಡಾಶಯವನ್ನು ಎಬ್ಬಿಸುತ್ತವೆ. ಅಂಡಾಶಯದ ಈಸ್ಟ್ರೋಜನ್ ಎದೆಯನ್ನು ಬೆಳೆಸುತ್ತದೆ. ಹುಡುಗಿಯರಲ್ಲಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಇದು ಶುರುವಾಗುವುದು ವಾಡಿಕೆ. ಮೊದಲು ಒಂದೇ ಬದಿ ಗಂಟಾಗುವುದು, ನೋಯುವುದು ಎರಡೂ ಸಹಜ. ಎಂಟಕ್ಕೆ ಮುಂಚೆ ಬಂದಿದೆ, ಅದಕ್ಕೇ ತಪಾಸಣೆ.

ಈಸ್ಟ್ರೋಜನ್ ಎಲುಬಿನ ತುದಿಯ ಬೆಳೆಯುವ ಭಾಗವನ್ನೂ ಬೇಗ ಬಲಿಸುತ್ತದೆ. ಮಗು ಒಮ್ಮೆಲೇ ಎತ್ತರವಾಗಿ, ಮುಂದೆ ಬೇಗ ನಿಂತುಹೋಗಿ, ಕೊನೆಗೆ ಗಿಡ್ಡವಾಗಿ ಉಳಿಯಬಹುದು. ಎಡ ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಎಲುಬಿನ ವಯಸ್ಸು ಗೊತ್ತಾಗುತ್ತದೆ. ಅದು ನಿಜವಾದ ವಯಸ್ಸಿಗಿಂತ ಎರಡು ವರ್ಷ ಮುಂದಿದ್ದರೆ ಹಾರ್ಮೋನು ಕೆಲಸ ಶುರುಮಾಡಿ ಸಾಕಷ್ಟು ಕಾಲವಾಯಿತು ಎಂದರ್ಥ. ಬೆಳಗಿನ ರಕ್ತದಲ್ಲಿ ಎಲ್‌ಎಚ್ ಲೀಟರಿಗೆ 0.3 ಯೂನಿಟ್ ದಾಟಿದ್ದರೆ ಮೆದುಳೇ ಎಚ್ಚೆತ್ತಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಫಲಿತಾಂಶ ಸ್ಪಷ್ಟವಿಲ್ಲದಿದ್ದರೆ ಪಿಟ್ಯುಟರಿಯನ್ನು ಕೆಣಕುವ ಚುಚ್ಚುಮದ್ದು ಕೊಟ್ಟು ಮತ್ತೆ ರಕ್ತ ತೆಗೆಯುತ್ತಾರೆ. ಕಂಕುಳ ಕೂದಲು, ಬೆವರಿನ ವಾಸನೆ ಮಾತ್ರ ಬಂದಿದ್ದರೆ ಅದು ಹೆಚ್ಚಾಗಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಕೆಲಸ, ಲೆಕ್ಕ ಬೇರೆ.

ನೀವು ಮಾಡಬೇಕಾದ್ದು: ಮೂರು ತಿಂಗಳಿಗೊಮ್ಮೆ ಬರಿಗಾಲಲ್ಲಿ, ಅದೇ ಗೋಡೆಗೆ, ಅದೇ ಹೊತ್ತಿಗೆ ಎತ್ತರ ಗುರುತು ಹಾಕಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದರೆ ಸುಮಾರು ಒಂದು ಸೆಂಟಿಮೀಟರ್ ವ್ಯತ್ಯಾಸ ಬಂದು ಲೆಕ್ಕವೇ ಕೆಡುತ್ತದೆ. ಈ ವಯಸ್ಸಿಗೆ ವರ್ಷಕ್ಕೆ 5–6 ಸೆಂಟಿಮೀಟರ್ ಸರಿ. 8–9 ಆದರೆ ಕಾಯಬೇಡಿ. ಇನ್ನು ಕೋಳಿ, ಮೊಟ್ಟೆಯ ಮೇಲಿನ ಆರೋಪಕ್ಕೆ ಆಧಾರವಿಲ್ಲ. ಮೆದುಳು ನೋಡುವುದು ಮೈಯಲ್ಲಿರುವ ಒಟ್ಟು ಕೊಬ್ಬನ್ನು, ಅದು ಯಾವ ತಟ್ಟೆಯಿಂದ ಬಂತು ಎಂದಲ್ಲ. ಅತ್ತೆಯವರ ಜೊತೆ ಜಗಳವಂತೂ ಬೇಡ.

ಪ್ರಶ್ನೆ: ಬೇಗ ಬಂದ ಹರೆಯವನ್ನು ತಡೆಯಲು ಜಿಎನ್‌ಆರ್‌ಎಚ್‌ನಂಥದ್ದೇ ಔಷಧ ಚುಚ್ಚುತ್ತಾರಂತೆ. ಬೆಂಕಿಗೆ ತುಪ್ಪ ಸುರಿದಂತಾಗುವುದಿಲ್ಲವೇ?
— ಬಿ.ಎಸ್‌ಸಿ. ವಿದ್ಯಾರ್ಥಿ, ಪುಣೆ

ಉತ್ತರ: ಮೊದಲ ಎರಡು ವಾರ ಹಾಗೇ ಆಗುತ್ತದೆ, ಕೆಲವು ಹುಡುಗಿಯರಿಗೆ ತುಸು ರಕ್ತವೂ ಕಾಣಿಸುತ್ತದೆ. ಆಮೇಲೆ ಉರಿ ಆರುತ್ತದೆ. ಗುಟ್ಟಿರುವುದು ಲಯದಲ್ಲಿ. ವಿಜ್ಞಾನಿ ಅರ್ನ್‌ಸ್ಟ್ ನೋಬಿಲ್ ಅವರ ತಂಡ 1978ರಲ್ಲಿ ರೀಸಸ್ ಮಂಗಗಳಲ್ಲಿ ಇದನ್ನು ತೋರಿಸಿತು: ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಕೊಟ್ಟರೆ ಪಿಟ್ಯುಟರಿ ದುಡಿಯುತ್ತದೆ, ಬಿಡುವಿಲ್ಲದೆ ಹರಿಸಿದರೆ ಮುಷ್ಕರ ಹೂಡುತ್ತದೆ. ಎರಡು ವರ್ಷದ ನಂತರ, 1980ರಲ್ಲಿ, ಇನ್ನೂ ಹರೆಯಕ್ಕೆ ಬಾರದ ಹೆಣ್ಣು ಮಂಗಗಳಿಗೆ ಗಂಟೆಗೊಮ್ಮೆ ಕೊಟ್ಟಾಗ ಅವು ಋತುಚಕ್ರಕ್ಕೆ ಬಂದವು, ನಿಲ್ಲಿಸಿದಾಗ ಮತ್ತೆ ಮರಿಗಳಂತಾದವು. ಅಂದರೆ ಕೆಳಗಿನ ಗ್ರಂಥಿಗಳೆಲ್ಲ ಮೊದಲೇ ತಯಾರು; ಲೋಕಲ್ ರೈಲಿನಂತೆ ಸಿಗ್ನಲ್ಲಿಗಾಗಿ ಕಾದು ನಿಂತಿರುತ್ತವೆ. ಔಷಧ ಮೈಯಲ್ಲಿ ಬಿಡುವಿಲ್ಲದೆ ಇದ್ದರೇ ಪಿಟ್ಯುಟರಿ ಮುಷ್ಕರದಲ್ಲಿರುತ್ತದೆ; ಡೋಸನ್ನು ತಡಮಾಡಬಾರದು ಎನ್ನುವುದು ಇದಕ್ಕೇ. ಮಟ್ಟ ಇಳಿದರೆ ಪಿಟ್ಯುಟರಿ ಚೇತರಿಸಿಕೊಂಡು ಮತ್ತೆ ಲಯ ಹಿಡಿಯುತ್ತದೆ.

ಜಿಎನ್‌ಆರ್‌ಎಚ್ ಕೋಶಗಳಿಗೆ ಸಿಗ್ನಲ್ ಕೊಡುವ ಮುಖ್ಯ ವಸ್ತು ಕಿಸ್‌ಪೆಪ್ಟಿನ್. ಇದರ ಜೀನ್ ಸಿಕ್ಕಿದ್ದು 1996ರಲ್ಲಿ, ಅಮೆರಿಕದ ಹರ್ಷಿ ಎಂಬ ಊರಿನಲ್ಲಿ. ಆ ಊರಿನ ಪ್ರಸಿದ್ಧ ಚಾಕೊಲೇಟ್ 'ಕಿಸಸ್'ನ ಹೆಸರನ್ನೇ ಇಟ್ಟರು. ಇದನ್ನು ಗುರುತಿಸುವ ಗ್ರಾಹಿ ಕೆಟ್ಟವರಿಗೆ ಹರೆಯವೇ ಬರುವುದಿಲ್ಲ ಎಂಬುದು 2003ರಲ್ಲಿ ಗೊತ್ತಾಯಿತು. ಕಿಸ್‌ಪೆಪ್ಟಿನ್ ಬಿಡುವ ನರಕೋಶಗಳಲ್ಲೇ ನ್ಯೂರೋಕೈನಿನ್ ಬಿ ಎಂಬ ವಸ್ತು ಮಿಡಿತವನ್ನು ಎಬ್ಬಿಸುತ್ತದೆ, ಡೈನಾರ್ಫಿನ್ ಎಂಬ ಇನ್ನೊಂದು ಅದನ್ನು ಇಳಿಸುತ್ತದೆ. ಹುಟ್ಟಿದ ಮೊದಲ ಕೆಲವು ತಿಂಗಳು ಈ ಯಂತ್ರ ಓಡುತ್ತದೆ, ಆಮೇಲೆ ಮೆದುಳು ಬ್ರೇಕು ಹಾಕಿ ವರ್ಷಗಟ್ಟಲೆ ಕೂರಿಸುತ್ತದೆ. ಆ ಬ್ರೇಕಿನ ಒಂದು ಭಾಗ ಎಂಕೆಆರ್‌ಎನ್3 ಜೀನ್. ಅದರಲ್ಲಿ ಅಪ್ಪನಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುವುದು, ಹಾಗಾಗಿ ದೋಷ ಅಪ್ಪನ ಕಡೆಯಿಂದ ಬಂದಾಗಲೇ ಮಗುವಿಗೆ ಹರೆಯ ಬೇಗ ಬರುತ್ತದೆ.

ಪ್ರಶ್ನೆ: ಮುರ್ರಾ ಎಮ್ಮೆಯ ಮಣಕಕ್ಕೆ ಮೂರು ವರ್ಷವಾಯಿತು, ಬೆದೆಗೆ ಬಂದಿಲ್ಲ. ಹಾರ್ಮೋನ್ ಇಂಜೆಕ್ಷನ್ ಕೊಡಿಸಲೇ?
— ಹೈನುಗಾರರು, ಫೋಂಡಾ, ಗೋವಾ

ಉತ್ತರ: ಮೊದಲು ಟೇಪು ಹಿಡಿಯಿರಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪಿರ್ರೆಯ ಎಲುಬಿನವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ಕಿಲೋ ಬರುತ್ತದೆ. 62 ಸುತ್ತಳತೆ, 48 ಉದ್ದ ಇದ್ದರೆ ಸುಮಾರು 280. ಬೆಳೆದ ಎಮ್ಮೆಯ ತೂಕದ ಶೇ. 55–60 ತುಂಬುವ ತನಕ ಮೆದುಳು ಬ್ರೇಕು ಸಡಿಲಿಸುವುದು ಕಷ್ಟ. ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ಕಡಿಮೆಯಿದ್ದರೆ ಕಿಸ್‌ಪೆಪ್ಟಿನ್ ಕೋಶಗಳು ಮಂಕಾಗಿರುತ್ತವೆ. ತೂಕವಿಲ್ಲದ ಮಣಕಕ್ಕೆ ಇಂಜೆಕ್ಷನ್ ಕೊಟ್ಟರೆ ಒಂದು ಬೆದೆ ಬಂದು ಮತ್ತೆ ಸುಮ್ಮನಾಗುವುದೇ ಹೆಚ್ಚು, ದುಡ್ಡು ದಂಡ. ಜಂತುಹುಳದ ಔಷಧ, ದಿನಕ್ಕೆ 30–50 ಗ್ರಾಂ ಖನಿಜ ಮಿಶ್ರಣ, ಹಿಂಡಿ ಮೊದಲಾಗಲಿ.

ತೂಕ ಸರಿಯಿದ್ದರೆ ಬೆದೆ ಬಂದೂ ನಿಮ್ಮ ಕಣ್ಣಿಗೆ ಬಿದ್ದಿಲ್ಲದಿರಬಹುದು. ಎಮ್ಮೆಯದು ಮೂಕ ಬೆದೆ. ಹಗಲು ಚಿಕ್ಕದಾಗುವ ಕಾಲದಲ್ಲಿ ಎಮ್ಮೆ ಬೆದೆಗೆ ಬರುವುದು ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಗೋವಾದಲ್ಲಿ ಸೆಪ್ಟೆಂಬರಿನಿಂದ ಜನವರಿವರೆಗೆ ಬೆಳಗಿನ ಜಾವ ಮತ್ತು ರಾತ್ರಿ ಲೋಳೆ ಸೋರುತ್ತದೆಯೇ, ಪದೇಪದೇ ಉಚ್ಚೆ ಹೊಯ್ಯುತ್ತದೆಯೇ ಎಂದು ನೋಡಿ. ಆಗಲೂ ಕಾಣದಿದ್ದರೆ ಪಶುವೈದ್ಯರಿಂದ ಗರ್ಭಕೋಶ, ಅಂಡಾಶಯ ಪರೀಕ್ಷೆ ಮಾಡಿಸಿ.