ಸಂಪಾದಕರ ಉತ್ತರ: ಅವನಿಗೆ ಅರ್ಥವಾಗಲಿಲ್ಲವೋ, ನಾವೇ ಹೇಳಲಿಲ್ಲವೋ?

ಪದವಿ ತರಗತಿಗಳಿಗೆ ಪಾಠ ಹೇಳುವ ಓದುಗರೊಬ್ಬರು, ಆಟಿಸಂ (ಜನರೊಡನೆ ಬೆರೆಯುವ, ಸದ್ದು-ಬೆಳಕನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವ ಸ್ಥಿತಿ) ಇರುವ ತಮ್ಮ ವಿದ್ಯಾರ್ಥಿಯೊಬ್ಬನ ಬಗ್ಗೆ ಬರೆದಿದ್ದಾರೆ. ಲಿಖಿತ ಪರೀಕ್ಷೆಯಲ್ಲಿ ಮುಂದಿರುವ ಆತ ಸೆಮಿನಾರಿನಲ್ಲಿ ಬಾಯಿ ಬಿಡುವುದಿಲ್ಲವಂತೆ. ಅವನಿಗೆ ಪ್ರತ್ಯೇಕ ಕೊಠಡಿ, ಹೆಚ್ಚುವರಿ ಸಮಯ ಕೊಟ್ಟರೆ ಉಳಿದವರಿಗೆ ಅನ್ಯಾಯವಲ್ಲವೇ, ನಾಳೆ ಹೊರಗಿನ ಜಗತ್ತು ಇಷ್ಟು ರಿಯಾಯಿತಿ ತೋರಿಸೀತೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ, ನಿಮ್ಮ ಆತಂಕದಲ್ಲಿ ಹುರುಳಿಲ್ಲವೆನ್ನಲಾರೆ; ಪದವಿಯ ಮಟ್ಟವನ್ನು ಯಾರಿಗಾಗಿಯೂ ಇಳಿಸಬಾರದು. ಆದರೆ ಅರ್ಥಶಾಸ್ತ್ರದ ಪರೀಕ್ಷೆ ಅಳೆಯಬೇಕಾದದ್ದು ಅರ್ಥಶಾಸ್ತ್ರದ ತಿಳಿವಳಿಕೆಯನ್ನೇ ಹೊರತು, ತಲೆಯ ಮೇಲೆ ಗುಂಯ್‌ಗುಡುವ ಟ್ಯೂಬ್‌ಲೈಟನ್ನು ಮೂರು ಗಂಟೆ ಸಹಿಸಿಕೊಳ್ಳುವ ಶಕ್ತಿಯನ್ನಲ್ಲ. ನಮ್ಮ ಕಿವಿ ತಾನಾಗಿಯೇ ಬದಿಗೆ ಸರಿಸಿಬಿಡುವ ಆ ಸದ್ದು, ಆಟಿಸಂ ಇರುವ ಅನೇಕರಿಗೆ ಮುಂದಿರುವ ಪ್ರಶ್ನೆಪತ್ರಿಕೆಗಿಂತ ದೊಡ್ಡದಾಗಿ ನಿಲ್ಲುತ್ತದೆ.

ಹೊರಗಿನ ಜಗತ್ತಿನ ಮಾತು ಬಂದಿತಾದ್ದರಿಂದ ಹೇಳುತ್ತೇನೆ. ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಗಮನಿಸಿ ಆಟಿಸಂ ಕುರಿತು ಬರೆದ ಹೆಸರಾಂತ ಪ್ರಬಂಧದಲ್ಲಿ ಮೊದಲನೆಯವರಾಗಿ ಬರುವ ಡೊನಾಲ್ಡ್ ಟ್ರಿಪ್ಲೆಟ್, 1958ರಲ್ಲಿ ಪದವಿ ಪಡೆದು, ತಮ್ಮೂರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ದುಡಿದರು. ಊರಿನವರು ಅವರನ್ನು ಇದ್ದಂತೆಯೇ ಒಪ್ಪಿಕೊಂಡಿದ್ದರು. ನೀವು ಹೆದರಿಸುವ ಜಗತ್ತಿನಲ್ಲಿ ಆ ಊರೂ ಇದೆಯಲ್ಲ! ಇನ್ನು, ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಮುಂದಿಟ್ಟ ವಾದವೆಂದರೆ, ಆಟಿಸಂ ಇರುವವರಿಗೆ ನಾವು ಅರ್ಥವಾಗದಿರುವಷ್ಟೇ ನಮಗೂ ಅವರು ಅರ್ಥವಾಗುವುದಿಲ್ಲ ಎಂಬುದು. ಕೊರತೆಯನ್ನು ಒಬ್ಬರ ಲೆಕ್ಕಕ್ಕೇ ಬರೆಯುವುದು ನಮ್ಮ ಅನುಕೂಲಶಾಸ್ತ್ರ.

ನಮ್ಮ ಕಚೇರಿಗೆ ತರಬೇತಿಗೆಂದು ಬಂದಿದ್ದ, ಆಟಿಸಂ ಇರುವ ತರುಣನೊಬ್ಬನ ಕೈಗೆ ಕರಡಚ್ಚು ಕೊಟ್ಟು, "ಇದನ್ನೊಂದಿಷ್ಟು ನೋಡಿ" ಎಂದಿದ್ದೆ. ಆತ ನೋಡಿ, ಹಾಗೆಯೇ ಮೇಜಿನ ಮೇಲಿಟ್ಟ. ನನಗೆ ಸಿಟ್ಟು ಬಂತು. ಮರುದಿನ, "ಅಕ್ಷರದೋಷಗಳಿಗೆ ಗುರುತು ಹಾಕಿ ಸಂಜೆ 4ಕ್ಕೆ ಕೊಡಿ" ಎಂದು ಚೀಟಿ ಬರೆದಿಟ್ಟೆ. 4ಕ್ಕೆ ಸರಿಯಾಗಿ ಬಂದ ಕರಡಿನಲ್ಲಿ, ನಾನು ಎರಡು ಸಲ ಓದಿಯೂ ಕಾಣದಿದ್ದ ತಪ್ಪುಗಳಿಗೆಲ್ಲ ಗುರುತು ಬಿದ್ದಿತ್ತು.

ನಮ್ಮ ವಿದ್ಯಾಸಂಸ್ಥೆಗಳ ಮೇಲೆ ನನಗಿರುವ ಹಳೆಯ ಮುನಿಸೂ ಇದೇ. "ಸೂಕ್ತ ಉದಾಹರಣೆಗಳೊಂದಿಗೆ ಚರ್ಚಿಸಿ" ಎನ್ನುತ್ತೇವೆ. ಎಷ್ಟು ಉದಾಹರಣೆ, ಎಷ್ಟು ಪುಟ, ಚರ್ಚೆಯೆಂದರೆ ಏನು, ಹೇಳುವುದಿಲ್ಲ. ಉಳಿದವರು ಅದನ್ನು ಸೀನಿಯರುಗಳ ಬಾಯಿಂದ ಕೇಳಿ ತಿಳಿಯುತ್ತಾರೆ. ಕ್ಯಾಂಟೀನಿನ ಗದ್ದಲದಲ್ಲಿ ಕೂರಲಾರದವನಿಗೆ ಆ ಬಾಯಿಮಾತು ತಲುಪುವುದೇ ಇಲ್ಲ. ಕೊಠಡಿ ಬದಲಾದ ಸಂಗತಿಯನ್ನು ತರಗತಿ ಶುರುವಾಗುವ ಹೊತ್ತಿಗೆ ಕೂಗಿ ಹೇಳುವುದು, ಮಾತುಗಾರನನ್ನೇ ಜಾಣನೆಂದು ಎಣಿಸಿ ಅಂಕ ಕೊಡುವುದು, ಗುಂಪು ಮಾಡಿಕೊಳ್ಳಿರೆಂದು ಹೇಳಿ ಅಧ್ಯಾಪಕರು ಹೊರಗೆ ನಡೆಯುವುದು, ಇವೆಲ್ಲ ನಾಚುವ ಹುಡುಗಿಗೂ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವನಿಗೂ ಅಷ್ಟೇ ಅನ್ಯಾಯ.

ಇಷ್ಟು ಕಾಳಜಿಯಿಂದ ಪತ್ರ ಬರೆದ ನೀವು ಒಳ್ಳೆಯ ಮೇಷ್ಟರೇ ಇರಬೇಕು. ಮುಂದಿನ ಸೆಮಿನಾರಿಗೆ ಒಂದು ವಾರ ಮೊದಲೇ ಮೂರು ಪ್ರಶ್ನೆಗಳನ್ನು ಬರೆದು ಎಲ್ಲರಿಗೂ ಕೊಡಿ, ಉತ್ತರವನ್ನು ಹೇಳಲೂ ಬಹುದು, ಬರೆದು ತರಲೂ ಬಹುದು ಎನ್ನಿ. ಏನಾಯಿತೆಂದು ನಮಗೂ ಒಂದು ಕಾಗದ ಹಾಕಿ.