ನಾಜಿ ಕ್ಯಾಂಪಿನಿಂದ ಬದುಕಿ ಬಂದವರು ತಮ್ಮ ನೆನಪುಗಳನ್ನು ಬರೆಯುವಾಗ ಉಪಮೆ, ರೂಪಕ ಯಾಕೆ ಬಳಸುತ್ತಾರೆ?

ಮಾಮೂಲಿ ಮಾತು ಅಲ್ಲಿ ಸಾಲುವುದಿಲ್ಲ, ಅದಕ್ಕೇ. ಊಟ ಅರ್ಧ ಗಂಟೆ ತಡವಾದರೂ ನಾವು ‘ಹಸಿವು’ ಅನ್ನುತ್ತೇವೆ. ಆಶ್ವಿಟ್ಜ್ ಎಂಬ ನಾಜಿ ಕ್ಯಾಂಪಿನ ಹಸಿವಿಗೂ ಅದೇ ಪದ ಅಂದ್ರೆ ಹೇಗೆ? ಅಲ್ಲಿಂದ ಬದುಕಿ ಬಂದ ಲೇಖಕ ಪ್ರಿಮೊ ಲೆವಿ 1947ರ ತಮ್ಮ ಪುಸ್ತಕದಲ್ಲಿ ಎತ್ತಿದ ತಕರಾರೇ ಇದು.

ಹಾಗಾಗಿ ನಮಗೆ ಗೊತ್ತಿರುವ ಯಾವುದೋ ವಸ್ತುವಿನೊಳಗೆ ನಮಗೆ ಗೊತ್ತಿಲ್ಲದ ಭಯವನ್ನು ತುಂಬಿಡುತ್ತಾರೆ. ಹಾಗೇ ಬದುಕಿ ಬಂದ ಎಲೀ ವೀಸೆಲ್ ತಮ್ಮ ನೆನಪಿನ ಪುಸ್ತಕ ‘ನೈಟ್’ನಲ್ಲಿ ಕ್ಯಾಂಪಿನಲ್ಲಿ ಕೈದಿಗಳನ್ನು ಗಲ್ಲಿಗೇರಿಸಿದ ಎರಡು ಪ್ರಸಂಗಗಳನ್ನು ವಿವರವಾಗಿ ಹೇಳುತ್ತಾರೆ. ಮೊದಲನೆಯದರ ಸಂಜೆ ಸೂಪು ಎಂದಿಗಿಂತ ರುಚಿಯಾಗಿತ್ತಂತೆ. ಆಮೇಲೊಮ್ಮೆ ಒಬ್ಬ ಪುಟ್ಟ ಹುಡುಗನ ಸರದಿ. ಮೈ ಹಗುರ, ಜೀವ ಬೇಗ ಹೋಗುವುದಿಲ್ಲ. ಆ ರಾತ್ರಿ ಸೂಪಿಗೆ ಹೆಣದ ರುಚಿ. ‘ತುಂಬಾ ದುಃಖವಾಯಿತು’ ಅಂತ ಸುಮ್ನೆ ಬರೆದಿದ್ದರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆವು. ಇದು ನಾಲಿಗೆಗೇ ತಟ್ಟುತ್ತದೆ, ಅಲ್ವಾ?